ಸೋಮವಾರದ ಒಪ್ಪತ್ತು

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ತಂಗಿಯ ಉದ್ದ ಜಡೆ ಕಂಡು ಪಟ್ಟಿದ್ದೇನೆ, ಮದುವೆಯಾದ ಮೇಲೆ ಓರಗಿತ್ತಿಯ ಅಡುಗೆಯನ್ನು ಹೊಗಳಿದವರ ಮುಂದೆ ಕೂತು ಪಟ್ಟಿದ್ದೇನೆ. ಅವೆಲ್ಲ ಒಣಹುಲ್ಲಿಗೆ ಬಿದ್ದ ಕಿಡಿಯಂತೆ ಭಗ್ಗೆಂದು ಉರಿದು ಎರಡು ದಿನದಲ್ಲಿ ಆರಿಹೋದವು. ಆದರೆ ಐವತ್ತು ದಾಟಿ, ಮೊಣಕಾಲು ನೋವು ಶುರುವಾಗಿ, ಇನ್ನಾದರೂ ಮನಸ್ಸು ತಣ್ಣಗಾಯಿತು ಅಂದುಕೊಂಡಿದ್ದಾಗ ಬಂದದ್ದು ಬೇರೆಯೇ ಥರದ್ದು. ಅದು ನಮ್ಮ ಶಾಲೆಗೆ ನೇಮಕವಾಗಿ ಬಂದ ನರ್ಸ್ ಒಬ್ಬಳ ಮೇಲಿನ ಹೊಟ್ಟೆಕಿಚ್ಚು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಅವಳು ನಿನಗೇನು ಅನ್ಯಾಯ ಮಾಡಿದಳು ಎಂದು ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರವಿಲ್ಲ ಅನ್ನುವುದಕ್ಕೇ ಇನ್ನಷ್ಟು ಉರಿಯುತ್ತಿತ್ತು.

ನಮ್ಮದು ಹೆಣ್ಣುಮಕ್ಕಳ ವಸತಿ ಶಾಲೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಇಳಿದು, ಅರಿಶಿನದ ಹೊಲಗಳ ನಡುವೆ ಹತ್ತು ನಿಮಿಷ ನಡೆದರೆ ಸಿಗುತ್ತದೆ. ಹರವೆ, ಉಡಿಗಾಲ, ಪುಣಜನೂರು, ಹೀಗೆ ಸುತ್ತಿನ ಊರುಗಳ ರೈತರ, ಕೂಲಿಯವರ ಮಕ್ಕಳು ಆರನೆಯ ತರಗತಿಗೆ ಬಂದು ಸೇರುತ್ತಾರೆ, ಹತ್ತನೆಯದು ಮುಗಿಸಿ ಹೋಗುತ್ತಾರೆ. ಊಟ, ನಿದ್ದೆ, ಪಾಠ ಎಲ್ಲ ಅಲ್ಲೇ. ನಾನು ಗಣಿತ ಕಲಿಸುತ್ತೇನೆ. ಹತ್ತನೆಯ ತರಗತಿಗೆ ಕ್ಲಾಸ್ ಟೀಚರೂ ನಾನೇ.

ಅವಳು ಬರುವ ಮೊದಲು ಆ ಶಾಲೆಯ ನರ್ಸು, ಡಾಕ್ಟರು, ಅಜ್ಜಿ ಎಲ್ಲ ನಾನೇ ಆಗಿದ್ದೆ. ನನ್ನ ಮೇಜಿನ ಖಾನೆಯಲ್ಲಿ ಓಂಕಾಳು, ಒಣಶುಂಠಿ, ಹತ್ತಿ, ಅರಿಶಿನಪುಡಿ, ತಲೆನೋವಿಗೆ ಹಚ್ಚುವ ಮುಲಾಮು ಇರುತ್ತಿದ್ದವು. ಮೊದಲ ಸಲ ಮುಟ್ಟಾದ ಹುಡುಗಿ ಬಂದು ಹೇಳುತ್ತಿದ್ದದ್ದು ನನ್ನ ಕಿವಿಯಲ್ಲಿ. ಲೆಕ್ಕ ಬರದಿದ್ದರೆ ಮೈಚಳಿ ಬಿಡುವಂತೆ ಬೈಯುತ್ತಿದ್ದೆ, ಹೊಟ್ಟೆನೋವು ಎಂದರೆ ಓಂಕಾಳು ಅಗಿಯಲು ಕೊಡುತ್ತಿದ್ದೆ. ಬೈಗುಳವೂ ಓಂಕಾಳೂ ಒಂದೇ ಕೈಯಿಂದ ಸಿಗುತ್ತಿತ್ತಾದ್ದರಿಂದ ಮಕ್ಕಳು ನನ್ನನ್ನು ಸಹಿಸಿಕೊಂಡಿದ್ದರು ಎಂದು ಈಗ ಅನಿಸುತ್ತದೆ.

ಅವಳು ಗುಂಡ್ಲುಪೇಟೆ ಕಡೆಯವಳು. ಚೆಂಡು ಹೂವು ಬೆಳೆಯುವ ಮನೆಯಿಂದ ಬಂದು ನರ್ಸಿಂಗ್ ಓದಿದವಳು. ಬಂದ ವಾರದಲ್ಲೇ ಸ್ಟೋರ್ ರೂಮಿನ ಪಕ್ಕದ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಎರಡು ಮಂಚ ಹಾಕಿಸಿ, ನಡುವೆ ಹಸಿರು ಪರದೆ ಕಟ್ಟಿದಳು. ಬಾಗಿಲ ಮೇಲೆ ಆರೋಗ್ಯ ಕೊಠಡಿ ಎಂದು ಬರೆಸಿದ್ದರೂ ಮಕ್ಕಳ ಬಾಯಲ್ಲಿ ಅದು ಸಿಸ್ಟರಕ್ಕನ ರೂಮು. ನಾನು ಹದಿನೆಂಟು ವರ್ಷದಿಂದ ಬರೀ ಮಿಸ್. ಅವಳು ಹದಿನೆಂಟು ದಿನಕ್ಕೇ ಅಕ್ಕ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ಮನಿರಬಹುದಿತ್ತು, ಆದರೆ ನನ್ನ ಕಾಲ ಮುಗಿಯಿತು ಅಂತ ನನಗೆ ಯಾರೂ ಹೇಳಿರಲಿಲ್ಲವಲ್ಲ.

ಎದುರಿಗೆ ನಾನು ಅವಳನ್ನು ನೀವು, ತಾವು ಎಂದೇ ಮಾತಾಡಿಸುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವಳು, ಇವಳು. ಇಲ್ಲಿಯೂ ಹಾಗೇ ಬರೆಯುತ್ತಿದ್ದೇನೆ, ಸುಳ್ಳು ಯಾಕೆ.

ಅವಳು ಕೆಲಸ ಮಾಡುವ ರೀತಿ ನನಗೆ ಮೊದಲಿಗೆ ನಾಟಕದಂತೆ ಕಂಡಿತು. ಪ್ರತಿ ಮಗುವಿಗೂ ಒಂದು ಕಾರ್ಡು. ಎತ್ತರ, ತೂಕ, ಕಣ್ಣು, ಹಲ್ಲು, ಕಿವಿ. ತಲೆನೋವು ಎಂದು ಹೋದರೆ ತಕ್ಷಣ ಮಾತ್ರೆ ಕೊಡುತ್ತಿರಲಿಲ್ಲ. ಮಂಚದ ಮೇಲೆ ಕೂರಿಸಿ ಮೂರು ಪ್ರಶ್ನೆ ಕೇಳುತ್ತಿದ್ದಳು, ರಾತ್ರಿ ನಿದ್ದೆ ಬಂತಾ, ಬೆಳಿಗ್ಗೆ ಏನು ತಿಂದೆ, ಯಾರಾದರೂ ಏನಾದರೂ ಅಂದರಾ. ಆ ಮೂರನೆಯ ಪ್ರಶ್ನೆ ನನ್ನ ಮೇಲೇ ಎಸೆದದ್ದು ಎಂದು ನನಗೆ ಗುಮಾನಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಸಾಲಿನಲ್ಲಿ ನಾನೂ ಒಬ್ಬಳು.

ಒಂದು ದಿನ ಏಳನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಸಿಸ್ಟರ್ ಬಾಗಿಲಲ್ಲಿ ಬಂದು ನಿಂತು, "ಮೇಡಂ, ಇವ್ಳನ್ನ ಮುಂದ್ಲ ಬೆಂಚಲ್ಲಿ ಕೂರುಸ್ಕತೀರಾ? ಬೋರ್ಡು ಕಾಣಾಕಿಲ್ಲ ಇವ್ಳಿಗೆ" ಎಂದಳು. ಹರವೆಯ ಹುಡುಗಿ. ಎಂಟನ್ನು ಮೂರೆಂದು, ಆರನ್ನು ಸೊನ್ನೆಯೆಂದು ಬರೆದುಕೊಳ್ಳುತ್ತಿದ್ದವಳು. ಒಂದು ವರ್ಷದಿಂದ ನಾನು ಅವಳನ್ನು ದಡ್ಡಿ ಎಂದು ತೀರ್ಮಾನ ಮಾಡಿ ಹಿಂದಿನ ಬೆಂಚಿಗೆ ಅಟ್ಟಿದ್ದೆ. ಕನ್ನಡಕ ಬಂದ ಮೇಲೆ ಆ ಮಗು ಎರಡೇ ತಿಂಗಳಲ್ಲಿ ಭಿನ್ನರಾಶಿ ಕಲಿತು ನನ್ನನ್ನೇ ಪ್ರಶ್ನೆ ಕೇಳುವಂತಾಯಿತು.

ಒಳ್ಳೆಯದೇ ಆಯಿತಲ್ಲ, ಖುಷಿಪಡಬೇಕಿತ್ತು. ಪಟ್ಟೆ ಕೂಡ, ಸ್ಟಾಫ್ ಮೀಟಿಂಗ್‌ವರೆಗೆ. ಅಲ್ಲಿ ಹೆಡ್ಮಾಸ್ತರು, "ಏಳನೇ ತರಗತಿ ಗಣಿತದಲ್ಲಿ ಸುಧಾರಿಸಿದೆ, ಇದಕ್ಕೆ ನಮ್ಮ ಸಿಸ್ಟರಿಗೆ ಒಂದು ಚಪ್ಪಾಳೆ" ಎಂದರು. ನಾನೂ ತಟ್ಟಿದೆ. ಉತ್ತವಳು ನಾನು, ಬಿತ್ತಿದವಳು ನಾನು, ರಾಶಿ ಪೂಜೆ ಅವಳ ಹೆಸರಿಗೆ. ಆವತ್ತು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ಮನೆ ಬರುವವರೆಗೆ ಏನನ್ನೂ ನೋಡಲಿಲ್ಲ.

ಇಷ್ಟಾದರೂ ನಾನು ತಡೆದುಕೊಂಡಿದ್ದೆ ಅನ್ನಬೇಕು. ತಡೆಯಲಾರದೆ ಹೋದದ್ದು ಪುಣಜನೂರಿನ ಹುಡುಗಿಯ ವಿಷಯದಲ್ಲಿ.

ಕಾಡಂಚಿನ ಊರು ಅವಳದು. ಅಪ್ಪ ಒಂದೂವರೆ ಎಕರೆಯಲ್ಲಿ ರಾಗಿ, ಜೋಳ ಬೆಳೆಯುತ್ತಿದ್ದ, ಅವ್ವ ಕೂಲಿಗೆ ಹೋಗುತ್ತಿದ್ದಳು. ಎಂಟನೆಯ ತರಗತಿಯಿಂದ ನನ್ನ ಚಾಕ್‌ಪೀಸ್ ಡಬ್ಬಿ ಹೊರುತ್ತಿದ್ದವಳು ಅವಳೇ. ಲೆಕ್ಕದಲ್ಲಿ ಭಾರಿ ಜಾಣೆಯೇನಲ್ಲ. ಆದರೆ ತಪ್ಪಾದ ಲೆಕ್ಕವನ್ನು ಅಳಿಸದೆ, ಪಕ್ಕದಲ್ಲೇ ಮತ್ತೆ ಮಾಡುತ್ತಿದ್ದಳು. ಆ ಹಟ ನನಗೆ ಇಷ್ಟ. ಸ್ಟಾಫ್ ರೂಮಿಗೆ ನನ್ನ ಹಿಂದೆ ಬರುತ್ತಾ, "ಮಿಸ್, ನಾನೂ ನಿಮ್ಮಂಗೆ ಲೆಕ್ಕದ ಮಿಸ್ಸೇ ಆಯ್ತಿನಿ" ಎಂದಿದ್ದಳು. ನನಗೆ ಮಕ್ಕಳಿಲ್ಲ. ಆ ಮಾತನ್ನು ನಾನು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಪೂರ್ತಿ ಗೊತ್ತಿರಲಿಲ್ಲ.

ಅವಳು ಹತ್ತನೆಯ ತರಗತಿಗೆ ಬಂದ ವರ್ಷ ಶಿಕ್ಷಕರ ದಿನಾಚರಣೆಗೆ ಭಾಷಣ ಮಾಡಲು ನಾನೇ ಅವಳನ್ನು ವೇದಿಕೆಗೆ ಕಳಿಸಿದೆ. ಮುಂದಿನ ಸಾಲಿನಲ್ಲಿ ಹೊಸ ಸೀರೆ ಉಟ್ಟು ಕೂತಿದ್ದೆ. ಅವಳು ಎಲ್ಲರಿಗೂ ನಮಸ್ಕಾರ ಹೇಳಿ, ನಾಲ್ಕು ಮಾತಾಡಿ, ಕೊನೆಗೆ, "ನಾನು ಮುಂದೆ ಓದಿ ನಮ್ಮ ಸಿಸ್ಟರಕ್ಕನಂತೆ ನರ್ಸ್ ಆಗುತ್ತೇನೆ" ಎಂದಳು. ಮಕ್ಕಳೆಲ್ಲ ಹೋ ಎಂದು ಕೂಗಿದರು. ಶಿಕ್ಷಕರ ದಿನದಂದು! ಸಿಸ್ಟರ್ ನಾಚಿಕೊಂಡು ಕೆನ್ನೆ ಮುಚ್ಚಿಕೊಂಡಳು. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡೆ.

ಮಾರನೆಯ ದಿನದಿಂದ ಚಾಕ್‌ಪೀಸ್ ಡಬ್ಬಿಯನ್ನು ಬೇರೆ ಹುಡುಗಿಗೆ ಕೊಟ್ಟೆ. ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ನಿಲ್ಲಿಸಿದೆ, ಅಷ್ಟೇ. ಹೆಸರು ಬಿಟ್ಟು ಹಾಜರಿ ನಂಬರ್ ಹಿಡಿದು ಕರೆಯತೊಡಗಿದೆ. ಅವಳ ನೋಟ್ ಪುಸ್ತಕದಲ್ಲಿ ಸರಿ, ತಪ್ಪು ಗುರುತು ಬಿಟ್ಟರೆ ಒಂದಕ್ಷರ ಬರೆಯಲಿಲ್ಲ. ಹದಿನೈದು ವರ್ಷದ ಹುಡುಗಿಯ ಮೇಲೆ ಐವತ್ತು ದಾಟಿದ ಹೆಂಗಸಿನ ಮುನಿಸು. ನಾಚಿಕೆಯಾಗಬೇಕಿತ್ತು, ಆಗ ಆಗಲಿಲ್ಲ.

ಇನ್ನು ಸೋಮವಾರದ ಸಂಗತಿ ಹೇಳಬೇಕು. ಸೋಮವಾರದ ಮೊದಲ ಪೀರಿಯಡ್ಡು ಹತ್ತನೆಯ ತರಗತಿಗೆ ನನ್ನ ಟೆಸ್ಟು. ನಾನು ಈ ಶಾಲೆಗೆ ಬಂದಾಗಿನಿಂದ ಇದು ತಪ್ಪಿಲ್ಲ. ಅದೇ ಸೋಮವಾರ ಮಕ್ಕಳಿಗೆ ರಕ್ತ ಹೆಚ್ಚಲೆಂದು ಸರ್ಕಾರದಿಂದ ಬರುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಕ್ಲಾಸ್ ಟೀಚರ್ ಕೊಡಬೇಕು. ನಾನು ಎರಡನ್ನೂ ಒಟ್ಟಿಗೆ ಮುಗಿಸುತ್ತಿದ್ದೆ. ಒಂದು ಜಗ್ ನೀರು, ಸಾಲಾಗಿ ಬಂದು ನನ್ನೆದುರೇ ಮಾತ್ರೆ ನುಂಗುವುದು, ನಾನು ರಿಜಿಸ್ಟರಿನಲ್ಲಿ ಗುರುತು ಹಾಕುವುದು, ಆಮೇಲೆ ಪ್ರಶ್ನೆಪತ್ರಿಕೆ.

ಸಿಸ್ಟರ್ ಬಂದ ಹೊಸದರಲ್ಲೇ ಬಂದು ಕೇಳಿದ್ದಳು. "ಮೇಡಂ, ಮಾತ್ರೆ ಡಬ್ಬಿ ನನ್ ಕಡೆ ಇರ್ಲಿ. ಮಧ್ಯಾನ ಊಟ ಆದ್ಮೇಲೆ ನಾನೇ ಕೊಡ್ತಿನಿ. ಬರೀ ಒಟ್ಟೇಲಿ ತಕ್ಕಂಡ್ರೆ ಒಟ್ಟೆ ತೊಳಸ್ತದೆ."

"ಎಂಟು ಗಂಟೆಗೆ ತಿಂಡಿ ಆಗಿರತ್ತೆ, ಒಂಬತ್ತೂವರೆಗೆ ಮಾತ್ರೆ. ಬರೀ ಹೊಟ್ಟೆ ಹೇಗಾಗತ್ತೆ?" ಎಂದೆ. ಲೆಕ್ಕ ಸರಿಯಾಗಿತ್ತು. ಅವಳು ಮತ್ತೆ ಎರಡು ಸಲ ಕೇಳಿದಳು. ಮಾತ್ರೆ ಕೊಡುವುದು ಕ್ಲಾಸ್ ಟೀಚರ್ ಜವಾಬ್ದಾರಿ ಎಂದು ಸುತ್ತೋಲೆಯಲ್ಲೇ ಇದೆ ಎಂದು ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಬ್ಯಾಗಿಗೆ ಹಾಕಿಕೊಂಡೆ. ಮಕ್ಕಳ ಹೊಟ್ಟೆನೋವು ಹೋಯಿತು, ತಲೆನೋವು ಹೋಯಿತು, ಗುಟ್ಟುಗಳೂ ಹೋದವು. ಈ ಡಬ್ಬಿಯೊಂದು ನನ್ನ ಹತ್ತಿರ ಉಳಿದಿತ್ತು, ಅದನ್ನೂ ಕೊಡಲು ನನಗೇನು ಹುಚ್ಚೇ?

ಆ ವರ್ಷ ದೀಪಾವಳಿ ಕಳೆದ ಮೇಲೆ ಸೋಮವಾರದ ಬೆಳಿಗ್ಗೆ ಹೊಸ ರಗಳೆ ಶುರುವಾಯಿತು. ಟೆಸ್ಟಿನ ನಡುವೆ ಒಬ್ಬಳು ಬಾಯಿ ಮುಚ್ಚಿಕೊಂಡು ಹೊರಗೆ ಓಡುತ್ತಿದ್ದಳು, ಇನ್ನೊಬ್ಬಳು ತಲೆ ಸುತ್ತುತ್ತದೆ ಎಂದು ಮೇಜಿಗೆ ಒರಗುತ್ತಿದ್ದಳು. ಎಲ್ಲರೂ ಹೋಗುತ್ತಿದ್ದದ್ದು ಸಿಸ್ಟರಕ್ಕನ ರೂಮಿಗೆ. ಅಲ್ಲಿಂದ ದುಂಡಗಿನ ಅಕ್ಷರದ ಚೀಟಿ ಬರುತ್ತಿತ್ತು, ಈ ಹುಡುಗಿಗೆ ಒಂದು ಗಂಟೆ ವಿಶ್ರಾಂತಿ ಬೇಕು ಎಂದು. ಮಂಗಳವಾರದಿಂದ ಭಾನುವಾರದವರೆಗೆ ಗುಂಡುಕಲ್ಲಿನಂತೆ ಇರುವವರಿಗೆ ಸೋಮವಾರವೇ ಯಾಕೆ ಕಾಯಿಲೆ? ಟೆಸ್ಟಿಗೆ ಹೆದರಿ ನಾಟಕ, ಅದಕ್ಕೆ ಪರದೆ ಎಳೆಯುವವಳು ಇವಳು, ಎಂದು ನಾನು ತೀರ್ಮಾನಿಸಿದೆ.

ಅವಳೂ ತಲೆ ಕೆಡಿಸಿಕೊಂಡಿದ್ದಳು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ಇಡ್ಲಿ ತಿಂದೆ ಅಕ್ಕ. ಅಡುಗೆಯವರನ್ನು ವಿಚಾರಿಸಿದರೆ, "ಸೋಮಾರ ಒಂದಿಡ್ಲಿನೂ ಮಿಗಾಕಿಲ್ಲ ಕಣವ್ವ, ಎಲ್ಲಾ ಬಳ್ಕಂಡು ತಿಂತವೆ" ಎಂದರಂತೆ. ಇಡ್ಲಿ ಹಿಟ್ಟು, ಕುಡಿಯುವ ನೀರು ಎಲ್ಲ ನೋಡಿದಳು. ಪುಣಜನೂರಿನ ಹುಡುಗಿಗೆ ರಕ್ತ ಬಹಳ ಕಮ್ಮಿ ಇದೆ, ಸ್ವಲ್ಪ ಗಮನ ಇಟ್ಟಿರಿ ಎಂದು ನನಗೂ ಹೇಳಿದಳು. ನಾನು ಹೂಂ ಎಂದೆ. ಆ ಹುಡುಗಿಯ ಬಗ್ಗೆ ನನಗೆ ಹೇಳಲು ಇವಳು ಯಾರು ಎಂಬುದಷ್ಟೇ ನನ್ನ ತಲೆಯಲ್ಲಿ ಓಡಿದ್ದು.

ಜನವರಿಯ ಮೊದಲ ಸೋಮವಾರ ತರಗತಿಯಲ್ಲಿ ಹೇಳಿಬಿಟ್ಟೆ. "ಟೆಸ್ಟ್ ಬಿಟ್ಟು ಆ ರೂಮಿಗೆ ಹೋದವರಿಗೆ ಸೊನ್ನೆ. ಸೊನ್ನೆ ಮನೆಗೂ ಹೋಗತ್ತೆ." ಆ ರೂಮು ಎನ್ನುವಾಗ ನನ್ನ ದನಿ ಹೇಗಿತ್ತೋ, ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು.

ಅದರ ಮುಂದಿನ ಸೋಮವಾರ ಆದದ್ದು ಹೀಗೆ. ಮಾತ್ರೆ ಕೊಟ್ಟೆ, ಪ್ರಶ್ನೆಪತ್ರಿಕೆ ಹಂಚಿದೆ. ಇಪ್ಪತ್ತು ನಿಮಿಷಕ್ಕೆ ಪುಣಜನೂರಿನ ಹುಡುಗಿ ಎದ್ದು ನಿಂತಳು. ತುಟಿ ಬೆಳ್ಳಗಿತ್ತು. "ಮಿಸ್, ಓಗ್ಬರ್ಲಾ?" ಎಂದಳು. ನಾನು ತಲೆಯೆತ್ತಿ ಅವಳನ್ನು ನೋಡಿದೆ. ಬೇರೆ ಯಾರೇ ಆಗಿದ್ದರೂ, ಸೊನ್ನೆ ಗಿನ್ನೆ ಎಂದು ಗೊಣಗಿ ಕಳಿಸುತ್ತಿದ್ದೆನೇನೋ. ಇವಳಿಗೆ ಮಾತ್ರ ಅದು ಔಷಧಿಗೆ ಹೋಗುವುದಲ್ಲ, ಆ ಸಿಸ್ಟರ್ ಹತ್ತಿರ ಹೋಗುವುದು ಎಂದು ನನಗೆ ಕಂಡಿತು. "ಬರೆದು ಹೋಗು" ಎಂದೆ. ಅವಳು ಕೂತಳು. ಎರಡು ಸಾಲು ಬರೆದಳೋ ಇಲ್ಲವೋ, ಪಕ್ಕಕ್ಕೆ ವಾಲಿ ಬಿದ್ದಳು. ಗದ್ದ ಬೆಂಚಿನ ಅಂಚಿಗೆ ಬಡಿದ ಸದ್ದು ನನಗೆ ಕೇಳಿಸಿತು. ಉತ್ತರಪತ್ರಿಕೆಯ ಮೇಲೆ ರಕ್ತ ಬಿತ್ತು.

ಸಿಸ್ಟರ್ ಓಡಿಬಂದಳು. ಹುಡುಗಿಯ ಕಾಲನ್ನು ಎತ್ತರಕ್ಕೆ ಇಡಿಸಿದಳು, ಗದ್ದಕ್ಕೆ ಬಟ್ಟೆ ಒತ್ತಿ ಹಿಡಿದಳು, ಮುಖವನ್ನು ಒಂದು ಬದಿಗೆ ತಿರುಗಿಸಿದಳು. ಕಣ್ಣು ಬಿಟ್ಟ ಮೇಲೆ ಹುಡುಗಿ ವಾಂತಿ ಮಾಡಿದಳು. ಬರೀ ನೀರು, ಅದರಲ್ಲಿ ಅರ್ಧ ಕರಗಿದ ನೀಲಿ ಮಾತ್ರೆ. ಸಿಸ್ಟರ್ ಅದನ್ನೇ ನೋಡುತ್ತಾ ಕೂತಳು. ಆಮೇಲೆ ತಲೆಯೆತ್ತಿ ತರಗತಿಯನ್ನು ಕೇಳಿದಳು, "ನಿಜ ಏಳ್ರಮ್ಮಿ. ಇವತ್ತು ಇಡ್ಲಿ ತಿಂದೋರು ಎಷ್ಟು ಜನ?"

ಯಾರೂ ಕೈ ಎತ್ತಲಿಲ್ಲ ಎಂದರೆ ತಪ್ಪಾದೀತು. ಎಂಟು ಹುಡುಗಿಯರು ಎತ್ತಲಿಲ್ಲ. ಆ ಎಂಟೂ ಜನ ಸೋಮವಾರದ ಟೆಸ್ಟಿನ ದಿನ ಕಾಯಿಲೆ ಬೀಳುವವರು.

ನಮ್ಮ ಕಡೆ ಸೋಮವಾರ ಬೆಟ್ಟದ ದೇವರು ಮಾದಪ್ಪನ ವಾರ. ಬಹಳ ಮನೆಗಳಲ್ಲಿ ಅವತ್ತು ಹಿರಿಯರು ಒಪ್ಪತ್ತು ಇರುತ್ತಾರೆ, ದಿನಕ್ಕೆ ಒಂದೇ ಹೊತ್ತಿನ ಊಟ. ಏನಾದರೂ ಬೇಡಿಕೊಂಡರೆ ಇಷ್ಟು ವಾರ ಒಪ್ಪತ್ತು ಇರುತ್ತೇನೆ ಎಂದು ಹರಕೆ ಹೊರುತ್ತಾರೆ. ಈ ಹುಡುಗಿಯರೂ ಹೊತ್ತಿದ್ದರು. ಸೋಮವಾರ ಟೆಸ್ಟು, ಸೋಮವಾರವೇ ಮಾದಪ್ಪನ ವಾರ, ಅದಕ್ಕಿಂತ ಒಳ್ಳೆಯ ದಿನ ಎಲ್ಲಿದೆ? ಲೆಕ್ಕದ ಮಿಸ್ಸಿನ ಟೆಸ್ಟು ಪಾಸಾಗಲಿ ಎಂದು ಬೆಳಗಿನ ತಿಂಡಿ ಬಿಡುತ್ತಿದ್ದರು. ಬೈಸಿಕೊಳ್ಳಬಾರದೆಂದು ತಮ್ಮ ಇಡ್ಲಿಯನ್ನು ಆರನೆಯ ತರಗತಿಯ ಪುಟ್ಟ ಹುಡುಗಿಯರ ತಟ್ಟೆಗೆ ದಾಟಿಸುತ್ತಿದ್ದರು. ಪುಣಜನೂರಿನವಳದು ಎಲ್ಲರಿಗಿಂತ ಕಠಿಣ. ಭಾನುವಾರ ರಾತ್ರಿಯ ಊಟವನ್ನೂ ಬಿಟ್ಟಿದ್ದಳು. ಆ ಖಾಲಿ ಹೊಟ್ಟೆಗಳಿಗೆ ಪ್ರತಿ ಸೋಮವಾರ ಎದುರಿಗೆ ನಿಂತು ಕಬ್ಬಿಣದ ಮಾತ್ರೆ ನುಂಗಿಸಿದವಳು ನಾನು.

ಸಿಸ್ಟರಿಗೂ ಸುಳ್ಳು ಹೇಳಿದ್ದರಲ್ಲ ಎಂಬ ಒಂದು ಚೂರು ಸಮಾಧಾನ ಆ ಗಳಿಗೆಯಲ್ಲೂ ನನ್ನೊಳಗೆ ಹಾದುಹೋಯಿತು. ಬರೆಯಲು ಕಷ್ಟ, ಆದರೆ ಹಾದುಹೋದದ್ದು ನಿಜ.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಗದ್ದಕ್ಕೆ ಎರಡು ಹೊಲಿಗೆ ಹಾಕಿದರು. ಮಾರನೆಯ ದಿನ ಅವಳ ಅಪ್ಪ ಎರಡು ಬಸ್ಸು ಬದಲಿಸಿ ಬಂದ. ಹೆಡ್ಮಾಸ್ತರ ಕೋಣೆಯಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ. "ಟೀಸಿ ಕೊಟ್ಬುಡಿ ಸಾ, ಮಗೀನ ಕರ್ಕಂಡೋಯ್ತಿನಿ. ಓದಿದ್ದು ಸಾಕು. ಮನೇಲಿರ್ಲಿ" ಎಂದ.

ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಈಗ ಹೋದರೆ ಹತ್ತನೆಯದು ಮುಗಿಯುವುದಿಲ್ಲ. ಮನೆಯಲ್ಲಿರಲಿ ಎಂದ ಮೇಲೆ ಆ ಮನೆಯಲ್ಲಿ ಹುಡುಗಿ ಎಷ್ಟು ದಿನ ಇರುತ್ತಾಳೆ, ಆಮೇಲೆ ಯಾರ ಮನೆಗೆ ಹೋಗುತ್ತಾಳೆ ಎಂಬುದು ಅಲ್ಲಿ ನಿಂತಿದ್ದ ನಮಗೆಲ್ಲರಿಗೂ ಗೊತ್ತಿತ್ತು. ಹೆಡ್ಮಾಸ್ತರು ಏನೇನೋ ಹೇಳಿದರು. ಅವನು ಅಲುಗಲಿಲ್ಲ.

ಸಿಸ್ಟರ್ ಮಾತ್ರ ಅವನಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿದಳು. ಗಾಳಿ ಮೆಟ್ಟಿದ್ದಲ್ಲ, ಶಕ್ತಿಯಿಲ್ಲದ ಮೈ, ರಕ್ತ ಕಮ್ಮಿ, ಹೊಟ್ಟೆಗಿಲ್ಲದೆ ಮಾತ್ರೆ ಬಿದ್ದದ್ದು, ಸರಿಯಾಗಿ ಉಂಡರೆ ಎರಡು ತಿಂಗಳಲ್ಲಿ ಸುಧಾರಿಸುತ್ತಾಳೆ ಎಂದಳು. ಅವನು ತಟಕ್ಕನೆ ಕೇಳಿದ. "ಬರೀ ಒಟ್ಟೆಗೆ ಮಾತ್ರೆ ಕೊಟ್ಟೋರ್ಯಾರವ್ವ?"

ಅವಳು ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಎರಡಾಗಿ ಮಡಿಸಿದಳು, ಮತ್ತೆ ನಾಲ್ಕಾಗಿ ಮಡಿಸಿದಳು. ನನ್ನ ಕಡೆ ನೋಡಲೂ ಇಲ್ಲ. ಮೂರು ಸಲ ಡಬ್ಬಿ ಕೇಳಿದ್ದವಳು, ಈಗ ನನ್ನ ಹೆಸರು ಹೇಳಿದ್ದರೆ ಯಾರೂ ಅವಳನ್ನು ತಪ್ಪು ಎನ್ನುತ್ತಿರಲಿಲ್ಲ. ಹೇಳಿದ್ದರೆ ನಾನು ಜಗಳಕ್ಕೆ ನಿಲ್ಲಬಹುದಿತ್ತು, ಸುತ್ತೋಲೆ ತೋರಿಸಬಹುದಿತ್ತು. ಅವಳ ಒಳ್ಳೆಯತನಕ್ಕೂ ನನಗೆ ಸಿಟ್ಟು ಬಂತು.

"ನಾನೇ ಕೊಟ್ಟದ್ದು" ಎಂದೆ. "ಸಿಸ್ಟರ್ ಬೇಡ ಅಂದಿದ್ದರು. ನಾನೇ ಕೇಳಲಿಲ್ಲ."

ಅವನು ನನ್ನ ಕಡೆ ತಿರುಗಿದ. ಬೈಯುತ್ತಾನೆ ಅಂದುಕೊಂಡೆ. "ನಿಮ್ಗೇನು ಗೊತ್ತು ಬುಡಿ, ಒಪ್ಪತ್ತು ಅಂತ ಐಕ್ಳು ಏಳಿದ್ರಾ" ಎಂದ. ಆಮೇಲೆ ತನ್ನ ನಿಜವಾದ ತೊಡಕನ್ನು ಹೇಳಿದ. ಮಗಳು ಪರೀಕ್ಷೆ ಮುಗಿಯುವವರೆಗೆ ಎಂದು ಹರಕೆ ಹೊತ್ತಿದ್ದಾಳೆ. "ಮಾದಪ್ಪಂಗೆ ಅಂದ್ಬುಟ್ಟ ಮೇಲೆ ನಡೂವಿಗೆ ಬುಡಂಗಿಲ್ಲ ಮೇಡಂ. ಒಪ್ಪತ್ತೂ ಇರ್ಬೇಕು, ಓದ್ಲೂಬೇಕು ಅಂದ್ರೆ ಈ ಮೈ ತಡ್ದದಾ? ಮನೇಲಾದ್ರೆ ಬಿದ್ಕಂಡಾರ ಇರ್ತಾಳೆ."

"ಬೇರೆ ದಾರಿ ಇಲ್ವಾ ಅಣ್ಣ?" ಎಂದಳು ಸಿಸ್ಟರ್.

ಅವನು ಯೋಚಿಸಿದ. "ದೊಡ್ಡೋರು ಯಾರಾರ ಅವ್ಳ ಬದ್ಲು ಇಡ್ಕಬೌದು. ನನ್ಗೆ ಜರ ಬಂದಾಗ ನನ್ ಒಪ್ಪತ್ತ ನಮ್ಮವ್ವ ಇಡ್ಕಂಡಿದ್ಲು. ಇವ್ಳವ್ವ ಆಗ್ಲೇ ಒಂದು ಅರಕೆ ಒತ್ಕಂಡು ಕುಂತವ್ಳೆ, ಇನ್ನೊಂದು ಆಗಾಕಿಲ್ಲ. ಮಗಿನ ಮೇಲೆ ಆಸೆ ಇರೋರು ಯಾರಾರ ಆಗ್ಬೇಕು."

ಸಿಸ್ಟರ್, "ಅಂಗಾರೆ ನಾನು..." ಎಂದು ಬಾಯಿ ತೆರೆದಳು.

"ನಾನು ಹಿಡೀತೀನಿ" ಎಂದೆ. ಕೋಣೆಯ ಹೊರಗಿದ್ದವರಿಗೂ ಕೇಳಿಸುವಷ್ಟು ಜೋರಾಗಿ.

ಇದನ್ನು ಕೇಳಿದವರು ನನ್ನದು ದೊಡ್ಡ ಮನಸ್ಸು ಎನ್ನುತ್ತಾರೆ. ಹೆಡ್ಮಾಸ್ತರು ಈಗಲೂ ಹಾಗೇ ಹೇಳಿಕೊಂಡು ತಿರುಗುತ್ತಾರೆ. ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಅವಳು 'ನಾನು' ಎನ್ನುವ ಮೊದಲು ನಾನೇ 'ನಾನು' ಎನ್ನಬೇಕಿತ್ತು, ಅಷ್ಟೇ. ಮಗಿನ ಮೇಲೆ ಆಸೆ ಇರುವವರು ಯಾರು ಎಂದು ಕೇಳಿದಾಗ ಆ ಕೋಣೆಯಲ್ಲಿ ಅವಳ ಕೈ ಮೇಲಾಗುವುದನ್ನು ನಾನು ನೋಡಲಾರದೆ ಹೋದೆ.

ಅಪ್ಪ ಒಪ್ಪಿದ. ಮಗಳನ್ನು ಬಿಟ್ಟುಹೋದ. ಅವಳು ಪರೀಕ್ಷೆ ಬರೆದಳು, ಪಾಸಾದಳು, ಈಗ ಚಾಮರಾಜನಗರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಏನಾದರೂ ವಿಶೇಷವಿದ್ದರೆ ಮೊದಲ ಫೋನು ಹೋಗುವುದು ಸಿಸ್ಟರಿಗೆ, ಎರಡನೆಯದು ನನಗೆ. ಎರಡನೆಯದನ್ನು ನಾನು ಮೊದಲ ರಿಂಗಿಗೇ ಎತ್ತುತ್ತೇನೆ. ಮಾತ್ರೆ ಡಬ್ಬಿ ಈಗ ಹಸಿರು ಪರದೆಯ ಕೋಣೆಯಲ್ಲಿದೆ. ಟೆಸ್ಟು ಗುರುವಾರಕ್ಕೆ ಹೋಗಿದೆ. ಇವೆಲ್ಲ ಸರಿಯಾಗಿಯೇ ನಡೆದಿವೆ. ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದು ಮಾತ್ರ ಯಾರೂ ತಿಳಿಯಬೇಡಿ.

ಆದರೆ ಆ ಮಂಗಳವಾರ ಅಪ್ಪ ಹೊರಡುವ ಮೊದಲು ನಡೆದದ್ದು ಒಂದಿದೆ. ಒಪ್ಪತ್ತು ಹಿಡಿಯುವವರು, ಹರಕೆ ಹೊತ್ತವರು ಏನು ಬೇಡಿಕೊಂಡಿದ್ದರೋ ಅದನ್ನೇ ದೇವರ ಹೆಸರಿನಲ್ಲಿ ಅಂದು ಹಿಡಿಯಬೇಕು ಎಂದ. ಏನು ಬೇಡಿಕೊಂಡಿದ್ದಳು ಎಂಬುದು ಅವನಿಗೂ ಗೊತ್ತಿರಲಿಲ್ಲ. ಹಾಗಾಗಿ ಮೂವರೂ ಸಿಸ್ಟರಕ್ಕನ ರೂಮಿಗೆ ಹೋದೆವು. ಹುಡುಗಿ ಗದ್ದಕ್ಕೆ ಪಟ್ಟಿ ಹಾಕಿಸಿಕೊಂಡು ಮಂಚದ ಮೇಲೆ ಕೂತಿದ್ದಳು. ಆ ಕೋಣೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು.

"ನಿನ್ನ ಒಪ್ಪತ್ತು ಇನ್ನು ಮೇಲೆ ನಾನು ಇರ್ತೀನಿ" ಎಂದೆ. "ಲೆಕ್ಕದಲ್ಲಿ ಪಾಸಾಗಲಿ ಅಂತ ತಾನೆ ಬೇಡಿಕೊಂಡಿದ್ದು?"

ಅವಳು ಮೆಲ್ಲಗೆ ತಿರುಗಿ ಸಿಸ್ಟರಿನ ಮುಖ ನೋಡಿದಳು. ಇದನ್ನೂ ಅವಳಿಗೇ ಹೇಳಿದ್ದಾಳೆ ಎಂದು ನನಗೆ ಗೊತ್ತಾಯಿತು.

ಸಿಸ್ಟರ್ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಹೇಳಿದಳು. "ಪಾಸಾಗ್ಲಿ ಅಂತಲ್ಲ ಮೇಡಂ. ನೀವು ಅವ್ಳ ಕುಟೆ ಮೊದ್ಲಂಗೆ ಮಾತಾಡ್ಲಿ ಅಂತ. ನೆನ್ನೆ ರಾತ್ರಿ ಏಳುದ್ಲು."

ಅಪ್ಪನಿಗೆ ಅರ್ಥವಾಗಲಿಲ್ಲ. ಅವನು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ಅಷ್ಟು ಸೋಮವಾರಗಳ ಹಸಿವು, ಆ ಹೊಲಿಗೆ, ಎಲ್ಲ ನನ್ನ ಬಾಯಿಂದ ಬರಬೇಕಿದ್ದ ಎರಡು ಮಾತಿಗಾಗಿ. ಅದನ್ನು ದೇವರಲ್ಲಿ ಬೇಡಿದ್ದಳು, ಸಿಸ್ಟರಿಗೆ ಹೇಳಿದ್ದಳು. ನನಗೊಬ್ಬಳಿಗೆ ಹೇಳಿರಲಿಲ್ಲ. ಅಲ್ಲಿಯೂ ನನಗೆ ಮೊದಲು ಬಂದದ್ದು ಅಸೂಯೆಯೇ.

"ಅದನ್ನ ನನಗೇ ಬಂದು ಹೇಳಬಹುದಿತ್ತಲ್ಲ?" ಎಂದೆ.

ಅವಳು ತಲೆ ತಗ್ಗಿಸಿ ಚಾದರದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಪಟ್ಟಿ ಕಟ್ಟಿದ ಗದ್ದ ನೋಯುತ್ತಿತ್ತೇನೋ, ತುಟಿ ಹೆಚ್ಚು ಅಲುಗಿಸದೆ ಹೇಳಿದಳು.

"ಎಂಗೇಳದು ಮಿಸ್? ನೀವು ನನ್ ಕುಟೆ ಮಾತೇ ಆಡ್ತಿರ್ನಿಲ್ವಲ್ಲ."